ತೊಟ್ಟು

ನಜರ್‌ಬಾದಿನ ಆ ಹಳೆಯ ಹೋಟೆಲಿನ ಬಾರಿಗೆ
ನಾನು ಸೇರಿದ ಮೊದಲ ಸಂಜೆ
ಅಂತೋಣಪ್ಪನವರು ನನ್ನ ಅಂಗೈ ಮುಟ್ಟಿ ನೋಡಿ
'ಕೆಂಡ ಕಣೋ ಇದು' ಅಂದರು.
ಇರಬಹುದು.
ಪಾಂಡವಪುರದ ಆಲೆಮನೆಯಲ್ಲಿ ಆರು ವರ್ಷ
ಕೊಪ್ಪರಿಗೆಯ ಪಾಕ ತಿರುವಿದ ಕೈ.
ಬೆಲ್ಲದ ಹದ ಬಲ್ಲದು,
ಐಸಿನ ಹದ ಅದಕ್ಕೆ ಯಾರು ಕಲಿಸಿದ್ದರು?

'ಹೊಟ್ಟೆ ಹಿಡೀಬೇಡ, ತೊಟ್ಟು ಹಿಡಿ.
ಗುಲಾಬಿಯನ್ನ ಎಸಳು ಹಿಡಿದು ಕೊಡ್ತೀಯ ಯಾರಿಗಾದರೂ?'

ಹಾಗೆ ಕಲಿತೆ.
ಕಡ್ಲೆಕಾಯಿ ಪೊಟ್ಟಣದ ಹಾಗೆ ಬಾಯಿ ತೆರೆದದ್ದು ಮಾರ್ಟಿನಿಗೆ.
ಒಂಟಿ ಕಾಲಲ್ಲಿ ನಿಂತ ಹಣತೆಯಂಥ ಕೂಪ್
ಕುಲುಕಿ ಸೋಸಿದ್ದಕ್ಕೆ, ಡೈಕ್ವಿರಿ, ಸೈಡ್‌ಕಾರ್,
ನೊರೆಗೆ ಒರಗಲು ಜಾಗ ಬೇಕು ನೋಡು.
ಷಾಂಪೇನಿಗೆ ಉದ್ದನೆಯ ಫ್ಲೂಟು,
ಗುಳ್ಳೆಗಳು ಮೆಟ್ಟಿಲ ಮೇಲೇ ಬೆಟ್ಟ ಹತ್ತಬೇಕು, ಬಸ್ಸಲ್ಲಲ್ಲ.
ಬರೀ ಕಲಕಿದ್ದಕ್ಕೆ, ಮ್ಯಾನ್‌ಹಟನ್ನಿನಂಥ ಕಪ್ಪುಗೆಂಪಿಗೆ,
ಸಂಪಿಗೆ ಮೊಗ್ಗು ದಪ್ಪಗಾದಂಥ ಒಂದು ಸಣ್ಣದು.
ನಾವದನ್ನು ಮೊಗ್ಗು ಅಂತಲೇ ಕರೆಯುತ್ತಿದ್ದೆವು.
ಅಂಥವು ಎಂಟೇ ಎಂಟು,
ಲಷ್ಕರ್ ಮೊಹಲ್ಲಾದ ಗುಜರಿಯಿಂದ
ಅಂತೋಣಪ್ಪನವರು ಪೇಪರಿನಲ್ಲಿ ಸುತ್ತಿ ತಂದದ್ದು.
ಉಗುರಿನಿಂದ ತಟ್ಟಿದರೆ ಟಿಣ್ ಅನ್ನುವುದಿಲ್ಲ,
'ಹೂಂ' ಅನ್ನುತ್ತವೆ.

ವೈನಿನ ದೊಡ್ಡ ಗ್ಲಾಸಿಗೆ ಗಿಮ್ಲೆಟ್ ಸುರಿದ ದಿನ ಬೈದರು:
'ಮದುವೆ ಛತ್ರದಲ್ಲಿ ಮೂರೇ ಜನ ಊಟಕ್ಕೆ ಕೂತಂಗಿದೆ.
ಅಳತೆಗೆ ತಕ್ಕ ಮನೆ ಕೊಡೋ.'

ನಮ್ಮ ಮಾತಲ್ಲಿ ತೊಟ್ಟು ಅಂದರೆ
ಹೂವಿನ ಕಾಲೂ ಹೌದು, ನೀರಿನ ಹನಿಯೂ ಹೌದು.
ಒಂದು ರಾತ್ರಿ ಗ್ಲಾಸು ಒರೆಸುವಾಗ ಇದು ಹೊಳೆದು
ಓಡಿ ಹೋಗಿ ಹೇಳಿದೆ.
'ಒಣಗಿದ ಬಟ್ಟೆ ತಗೋ' ಅಂದರು.

ಭಾನುವಾರ, ಅರಮನೆಗೆ ದೀಪ ಹತ್ತುವ ಏಳು ಗಂಟೆ,
ಕಿಟಕಿ ಪಕ್ಕದ ಟೇಬಲ್ಲು ಸುಗುಣಾ ಅರಸ್ ಅವರದ್ದು.
ಮರಗಳ ಸಂದಿಯಲ್ಲಿ ಒಂದು ಗುಮ್ಮಟದ ಮಿನುಗು ಕಾಣುತ್ತೆ,
ಅಷ್ಟಕ್ಕೇ ಬರುವವರು.
ಒಂದು ಮಾರ್ಟಿನಿ. ಆಲಿವ್ ಬೇಡ, ನಿಂಬೆ ಸಿಪ್ಪೆ ಸಾಕು.
ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿದವರು,
ಗಿಡದ ಕಾಂಡವನ್ನು ಬ್ಲೇಡಿನಿಂದ
ಬೆಳಕು ಹಾಯುವಷ್ಟು ತೆಳ್ಳಗೆ ಕೊಯ್ದ ಕೈ.
ಆ ವರ್ಷ ನಡುಗಲು ಶುರುವಾಗಿತ್ತು.

ತುಂಬಿದ ಕೊಡ ತುಳುಕೋದಿಲ್ಲ ಅಂತಾರೆ.
ಮಾರ್ಟಿನಿ ಗ್ಲಾಸಿಗೆ ಆ ಗಾದೆ ಗೊತ್ತಿಲ್ಲ.
ಮೇಜಿನಿಂದ ತುಟಿಗೆ ಒಂದು ಮೊಳ ದಾರಿ,
ಅಷ್ಟರಲ್ಲಿ ಮೂರು ಸಲ.
ಸೆರಗಿನಿಂದ ಮಣಿಕಟ್ಟು ಒರೆಸಿಕೊಂಡು
ಅವರು ಕಿಟಕಿಯ ಕಡೆ ತಿರುಗಿದರು,
ನಾವು ಶೆಲ್ಫಿನ ಕಡೆ.

ಮುಂದಿನ ವಾರ
ಅಂತೋಣಪ್ಪನವರು ಒಂದು ಮೊಗ್ಗನ್ನು ಐಸಿನಲ್ಲಿ ಹೂತಿಟ್ಟು ತೆಗೆದು,
ಅಂಚಿಗೆ ಒಂದು ಬೆರಳು ಕಮ್ಮಿ ಸುರಿದು,
ಮಿಕ್ಕಿದ್ದನ್ನು ಪುಟ್ಟ ಜಗ್ಗಿನಲ್ಲಿಟ್ಟು
ತಾವೇ ಒಯ್ದರು.
'ಇದೇನು, ಗ್ಲಾಸು ಬದಲಾಯಿತು?'
'ಅವೆಲ್ಲ ಒಡೆದುಹೋದವು ಮೇಡಂ. ಹೊಸ ಸ್ಟಾಕು ಬರಬೇಕು.'

ಅವರ ಬೆನ್ನ ಹಿಂದೆ, ನೆಟ್ಟ ಬೆಳಕಲ್ಲಿ,
ಹನ್ನೊಂದು ಮಾರ್ಟಿನಿ ಗ್ಲಾಸು
ಬಾವಲಿಗಳ ಹಾಗೆ ತಲೆಕೆಳಗಾಗಿ ತೂಗುತ್ತಿದ್ದವು.
ಮೇಡಂ ನೋಡಿದರು. ಎಣಿಸಿದರು ಅಂತಲೂ ಕಾಣುತ್ತೆ.
'ಪಾಪ' ಅಂದರು.
ತೊಟ್ಟನ್ನು ಎರಡೇ ಬೆರಳಲ್ಲಿ ಹಿಡಿದು
ಮೆಲ್ಲಗೆ ಎತ್ತಿದರು.
ಮೇಜುಬಟ್ಟೆ ಒಣಗಿಯೇ ಇತ್ತು.

ಅಂತೋಣಪ್ಪನವರು ಈಗ ಗಾಂಧಿನಗರದಲ್ಲಿ, ಮಗಳ ಮನೆಯಲ್ಲಿ.
ಸ್ಟೀಲ್ ಲೋಟದ ಕಾಫಿಯನ್ನು
ಎರಡೂ ಅಂಗೈಯಲ್ಲಿ ಅವುಚಿ ಕುಡಿಯುತ್ತಾರೆ, ನೋಡಿ ಬಂದೆ.
ಬೈಯಲು ಬಾಯಿ ಬರಲಿಲ್ಲ.

ಭಾನುವಾರ ಏಳಕ್ಕೆ ದೀಪ ಹತ್ತುತ್ತೆ.
'ಬಂತೇನಪ್ಪಾ ನಿಮ್ಮ ಸ್ಟಾಕು?'
'ಇಲ್ಲ ಮೇಡಂ, ದಾರೀಲಿದೆಯಂತೆ.'
'ಅವಸರ ಇಲ್ಲ ಬಿಡು.'