ಕಣಜ: ದ್ವಂದ್ವ ನಿವಾರಣೆ

ಕಣಜ ಎಂದು ಹುಡುಕಿದರೆ ಮೊದಲು
ಕಾಳು ತುಂಬುವ ಕಣಜವೇ ಬರುತ್ತಿತ್ತು,
ಹುಳಕ್ಕೆ ಪುಟವಿರಲಿಲ್ಲ.
ದುರ್ಗದ ಕೋಟೆಯೊಳಗೂ ಹಾಗೇ:
ಕಲ್ಲಿನ ಕಣಜ ತೋರಿಸುವ ಗೈಡು
ಅದರ ಸೂರಿಗೆ ಜೋತ ಕಾಗದದ ಗೂಡು ತೋರಿಸುವುದಿಲ್ಲ,
‘ಅಲ್ಲಿ ನಿಲ್ಬೇಡಿ ಸಾರ್’ ಅನ್ನುತ್ತಾನೆ, ಅಷ್ಟೆ.

ನಾನು ಮೀಟರ್ ಓದುವವನು.
ಬುರುಜನಹಟ್ಟಿಯಿಂದ ಜೋಗಿಮಟ್ಟಿ ರಸ್ತೆಯವರೆಗೆ
ಸಾವಿರದ ಮುನ್ನೂರು ಪೆಟ್ಟಿಗೆ.
ಮುಚ್ಚಳ ತೆಗೆದರೆ, ನಾನು ಅಂಕಿ ಓದುವ ಮೊದಲು
ಅವು ನನ್ನನ್ನು ಓದಿ ಮುಗಿಸಿರುತ್ತವೆ.
ಹನ್ನೊಂದು ಸಲ ಚುಚ್ಚಿಸಿಕೊಂಡಿದ್ದೇನೆ,
ಎಡ ಹುಬ್ಬಿನದು ಇನ್ನೂ ಚಳಿಗೆ ತುರಿಸುತ್ತದೆ.
ಹನ್ನೆರಡನೆಯದರ ಹೊತ್ತಿಗೆ
ಹೆಸರಾದರೂ ಕೇಳೋಣ ಅನಿಸಿತು.

ಹೀಗೆ ಶುರು. ಊಟ ಮುಗಿಸಿ, ಫೋನು ಹಿಡಿದು.
ಗಾಜು ಒಡೆದ ಕಡೆ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ.
ಮೊದಲ ಲೇಖನ ಮೂರೇ ಸಾಲು:
ಹಳದಿ ಪಟ್ಟೆ, ಸಣ್ಣ ನಡು,
ಹೆಣ್ಣಿಗೆ ಮಾತ್ರ ಮುಳ್ಳು.
ಸಿರಿಯಮ್ಮ ಓದಿ ನಕ್ಕಳು,
‘ಇದಕ್ಕೂ ಸಾಕ್ಷಿ ಕೇಳ್ತಾರೇನು?’
ಕೇಳಿದರು.
ಯಾರೋ, ಯಾವೂರೋ, ರಾತ್ರಿ ಎರಡಕ್ಕೆ ಎದ್ದು
ನನ್ನ ಸಾಲಿನ ನೆತ್ತಿಗೆ ಸಣ್ಣಗೆ ಚುಚ್ಚಿ ಹೋಗಿದ್ದರು:
ಉಲ್ಲೇಖ ಬೇಕು.

ಆಮೇಲೆ ಕುಂಬಾರ ಹುಳದ ಸರದಿ.
ಅವ್ವ ಹೇಳುತ್ತಿದ್ದಳು,
ಅದು ಹಸಿರು ಹುಳ ತಂದು ಮಣ್ಣಿನ ಗುಡಾಣದಲ್ಲಿಟ್ಟು
ಗುಂಯ್‌ಗುಡುತ್ತಂತೆ, ನನ್ನಂತಾಗು, ನನ್ನಂತಾಗು,
ಹದಿನೈದು ದಿನಕ್ಕೆ ಆ ಹುಳವೇ ರೆಕ್ಕೆ ಮೂಡಿ
ಗೋಡೆ ಕೊರೆದು ಬರುತ್ತಂತೆ.
ಏಳನೇ ಕ್ಲಾಸು ಎರಡನೇ ಸಲ ಫೇಲಾದ ದಿನ
ನನ್ನ ಕಿವಿಯಲ್ಲಿ ಹೇಳಿದ್ದೂ ಇದನ್ನೇ.

ನಾನು ಬರೆದದ್ದು:
ಮೊದಲೇ ಒಳಗೊಂದು ಮೊಟ್ಟೆ, ನೂಲಿಗೆ ನೇತುಹಾಕಿರುತ್ತದೆ.
ಹುಳವನ್ನು ಚುಚ್ಚಿ ಮರಗಟ್ಟಿಸಿ ತರುತ್ತದೆ.
ಕೊಲ್ಲುವುದಿಲ್ಲ; ಕೆಟ್ಟುಹೋಗಬಾರದಲ್ಲ.
ಮರಿ ಎದ್ದು ಅದನ್ನು ತಿನ್ನುತ್ತದೆ.
ನನ್ನಂತಾಗೆಂದು ಯಾರೂ ಯಾರಿಗೂ ಹೇಳುವುದಿಲ್ಲ.
ಕೊನೆಯ ಸಾಲು ಅಳಿಸಿದೆ,
ಅದಕ್ಕೂ ಮೂಲವಿರಲಿಲ್ಲ.

ಚಿತ್ರವೊಂದು ಬೇಕಿತ್ತು.
ಕುಂಬಾರ ಓಣಿ, ರುದ್ರಕ್ಕನ ಮೀಟರಿನ ಮಗ್ಗುಲಲ್ಲಿ
ಹೆಬ್ಬೆರಳುಗುರಿನಷ್ಟು ಮಡಕೆ,
ಹೊಟ್ಟೆ, ಕಂಠ, ಹೊರಚಿದ ಬಾಯಿ ಸಮೇತ.
ಅಳತೆಗೆಂದು ಪಕ್ಕಕ್ಕೊಂದು ರೂಪಾಯಿ ಹಿಡಿದೆ.
ರುದ್ರಕ್ಕ ಕನ್ನಡಕ ಏರಿಸಿ ಬಗ್ಗಿದಳು,
ಬಹಳ ಹೊತ್ತು ಏಳಲಿಲ್ಲ.
‘ತಿಗರಿ ಇಲ್ದೇ ಕಂಠ ಹೆಂಗ್ ತಿರುವೈತೆ ನೋಡು.
ಮಣ್ಣು ನಮ್ಮ ಗುಂಡೀದೆ.’
‘ಮೂಲ?’ ಅಂದುಬಿಟ್ಟೆ, ರೂಢಿಯಲ್ಲಿ.
ಅಂಗೈ ಚಾಚಿದಳು.
ಉಗುರುಸಂದಿನಲ್ಲಿ ಅದೇ ಕೆಂಪು.

ಚಿತ್ರ ಏರಿಸುವಾಗ ಕೇಳಿತು:
ಇದು ನಿಮ್ಮ ಸ್ವಂತ ಕೃತಿಯೇ?
ಹೌದು ಒತ್ತಲು
ಸ್ವಲ್ಪ ಹೊತ್ತು ಹಿಡಿಯಿತು.

ಬೆಳಗ್ಗೆ ನೋಡಿದರೆ ಪುಟದ ಬುಡದಲ್ಲಿ
ಯಾರೋ ಅಂಟಿಸಿದ್ದಾರೆ: ಇದೊಂದು ಚುಟುಕು.
ಒಡೆದ ಗಾಜಿನಡಿ ಅದನ್ನು
ಕುಟುಕು ಎಂದು ಓದಿಕೊಂಡೆ.
ಹುಬ್ಬು ತುರಿಸಿತು.