ಬಿರುಕೇ ಮೊದಲು

ನಕ್ಷೆಯಲ್ಲಿ ಅದು ಕೆಂಪು ಪೆನ್ಸಿಲ್ಲಿನ ಒಂದು ಗೆರೆ,
ಎಪ್ಪತ್ತು ಡಿಗ್ರಿ ಪೂರ್ವಕ್ಕೆ ವಾಲಿ ಕೆಳಗಿಳಿದದ್ದು.
ಇಲ್ಲಿ, ಜೋಗಿಮಟ್ಟಿಯ ಬೆನ್ನ ಹಿಂದೆ,
ಗಾಳಿಯಂತ್ರಗಳ ಸದ್ದೂ ತಲುಪದ ಕಣಿವೆಯಲ್ಲಿ
ಬಂದರೆ ಗಿಡವುಂಟು, ತುಗ್ಗಲಿಯುಂಟು,
ಪ್ಯಾಂಟು ಹಿಡಿದೆಳೆಯುವ ಕವಳೆ ಮುಳ್ಳುಂಟು.
ಗೆರೆ ಮಾತ್ರ ಇಲ್ಲ.

‘ಗೆರೆ ಹುಡುಕಬ್ಯಾಡ ತಾಯಿ, ಗಿಡ ನೋಡು,’
ಅಂದ ಸಣ್ಣಪಾಲಯ್ಯ.
‘ಎಲ್ಲಿ ಗಿಡ ಕುಳ್ಳಾಗ್ತವೋ, ಅಲ್ಲಿ ಬೇರಿಗೆ ತಾಮ್ರ ಕಹಿ ಹತ್ತೈತೆ.’
ಇಪ್ಪತ್ತಾರು ವರ್ಷ ಡ್ರಿಲ್ಲು ಹಿಡಿದವನು.
ಎಡಗಿವಿ ಅಲ್ಲೇ ಬಿಟ್ಟು ಬಂದಿದ್ದಾನೆ,
ಅವನ ಬಲಕ್ಕೆ ನಿಂತೇ ಮಾತಾಡಬೇಕು.

ಸುತ್ತಿಗೆ ಬಿದ್ದಲ್ಲಿ ಬೆಳ್ಳುಳ್ಳಿಯ ಘಾಟು.
ಯಾರೋ ಒಗ್ಗರಣೆ ಹಾಕಿದರೆನ್ನುವಷ್ಟು ಹತ್ತಿರ.
‘ಪಾಷಾಣ,’ ಅಂದೆ. ‘ಹೂಂ, ಗೊತ್ತು,’ ಅಂದ.
‘ಮೂಗಿಗೆ ಅಡುಗೆಮನೆ, ಹೊಟ್ಟೆಗೆ ಮಸಣ.’
ಒಡೆದ ಮೈಯಲ್ಲಿ ಅಂಗೈಯಗಲ ಬೆಣಚು,
ಅದರೊಳಗೆ ಹಿತ್ತಾಳೆಬಣ್ಣದ ಚುಕ್ಕಿ,
ಚುಕ್ಕಿಯ ಅಂಚಿಗೆ ಗಿಣಿರೆಕ್ಕೆಯ ಹಸಿರು.
ಅವನು ಇದಕ್ಕೆ ನರ ಅನ್ನುತ್ತಾನೆ.
ನನ್ನ ಪುಸ್ತಕದಲ್ಲಿ ಬೇರೆ ಪದವಿದೆ, ಹೇಳಲಿಲ್ಲ.

‘ಈ ನರ ಯಾಕೆ ಬಂತು ಇಲ್ಲಿಗೆ?’
ಇಷ್ಟು ವರ್ಷ ಅದನ್ನೇ ಕೊರೆದವನ ಪ್ರಶ್ನೆ.

ಇಲ್ಲಿ ಕಡಲಿತ್ತು, ಅಂತ ಶುರುಮಾಡಿದೆ.
ಅವನು ನಕ್ಕ ನಗೆಗೆ ಬೀಡಿ ಆರಿತು.
‘ಟ್ಯಾಂಕರಿಗೆ ಕೊಡ ಸಾಲಿಡೋ ಊರಾಗೆ ಕಡಲು!’
ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ, ಅಂದೆ,
ಕಡಲತಳದಲ್ಲಿ ಬೆಂಕಿ ಉಕ್ಕಿ ದಿಂಬು ದಿಂಬಾಗಿ ಹೆಪ್ಪುಗಟ್ಟಿತು,
ಮರಡಿಹಳ್ಳಿಯಲ್ಲಿ ಇವತ್ತಿಗೂ ಪೇರಿಸಿಟ್ಟಂತಿದೆ, ನೋಡಿದ್ದೀಯಲ್ಲ.
ಆಮೇಲೆ ಭೂಮಿ ಅದನ್ನು ಹಿಂಡಿತು. ಕಲ್ಲು ಬಿರಿಯಿತು.
ಆಳದ ಬಿಸಿನೀರು ಆ ಸಂದು ಹಿಡಿದು ಹತ್ತುತ್ತ ಹತ್ತುತ್ತ
ತಣ್ಣಗಾಯಿತು, ದಣಿಯಿತು,
ಹೊತ್ತದ್ದನ್ನು ದಾರಿಯಲ್ಲೇ ಇಳಿಸಿತು.
ಸಂದು ಮುಚ್ಚಿತು. ಮತ್ತೆ ನಡುಗಿತು, ಮತ್ತೆ ಬಿಚ್ಚಿತು.
ಒಂದೊಂದು ನಡುಕಕ್ಕೂ ಒಂದೊಂದು ಬಿಳಿ ಪದರ.
ಭೂತಗನ್ನಡಿಯಲ್ಲಿ ಎಣಿಸಿದ್ದೇನೆ,
ನಲವತ್ತೊಂದರ ಮೇಲೆ ಕಣ್ಣು ಸೋತಿತು.

ಅವನು ಕಲ್ಲನ್ನು ನಾಲಗೆಗೆ ತಾಗಿಸಿ
ಒದ್ದೆಯಾದಲ್ಲಿ ತಿರುವಿ ತಿರುವಿ ನೋಡಿದ.
‘ಹಂಗಾರೆ ಬಿರುಕೇ ಮೊದಲು. ತಾಮ್ರ ಆಮ್ಯಾಲೆ.
ನಾವು ತಾಮ್ರಕ್ಕೋಸ್ಕರ ಬಿರುಕು ಬಿಡಿಸಿದ್ವಿ.
ಉಲ್ಟಾ.’

ಇಳಿಜಾರಿನಲ್ಲಿ ಹಳೆಯ ಬಾವಿಬಾಯಿ, ತಂತಿಬೇಲಿ,
ಬೋರ್ಡಿನಲ್ಲಿ ಅಪಾಯದ ‘ಅ’ ಮಾತ್ರ ಉಳಿದಿದೆ.
ಪಂಪು ನಿಲ್ಲಿಸಿದ ದಿನ, ಅಂದ, ಮೇಲೆ ಬಂದವರೆಲ್ಲ
ಹಲಗೆಯ ಮೊಳೆಗೆ ತಂತಮ್ಮ ಬಿಲ್ಲೆ ತಗುಲಿಸಿದರು.
ಮೊಳೆ ತುಂಬಿದರೆ ಕೆಳಗೆ ಯಾರೂ ಇಲ್ಲ ಅಂತ ಲೆಕ್ಕ.
ಎಲೆಯಡಿಕೆ ಸಂಚಿಯಿಂದ ತೆಗೆದ:
ಸವೆದ ಹಿತ್ತಾಳೆ, ಇನ್ನೂರ ಹದಿನೇಳು.
‘ನಾನು ತಗುಲಿಸಲಿಲ್ಲ.
ಲೆಕ್ಕದ ಪ್ರಕಾರ ನಾನಿನ್ನೂ ಕೆಳಗೇ ಅದೀನಿ.’
ಹೆಂಡತಿ ಬೋರಮ್ಮನಿಗೂ ಇದೇ ಹೇಳುತ್ತಾನಂತೆ,
ಸಂತೆಗೆ ಕಳಿಸಿದಾಗೆಲ್ಲ.

ನಾನು ನಗುತ್ತಲೇ ಮಾದರಿ ಚೀಲಕ್ಕೆ ನಂಬರು ಬರೆದೆ,
ಪೆನ್ನು ಒಂದು ಗಳಿಗೆ ನಿಂತಿತು.
ನಮ್ಮ ನಕ್ಷೆ ಹೊಸದು, ಕಂಪನಿ ಹೊಸದು,
ಗೆರೆ ಅದೇ.

ಪಾಲಯ್ಯ ಬೇಲಿಯ ಮೇಲಿಂದ ಒಂದು ಕಲ್ಲೆಸೆದು
ಬಲಗಿವಿ ಬಾಗಿಸಿದ.
ಒಂದು. ಎರಡು. ಮೂರು.
ನೀರು ಸದ್ದು ಮಾಡಿತು.
‘ಹೋದ ವರ್ಷ ನಾಕು ಎಣಿಸ್ತಿದ್ದೆ,’ ಅಂದ,
‘ತಂದಿಟ್ಟೋರು ವಾಪಸ್ ಬರ್ತಾ ಅವ್ರೆ,
ಉಳಿದಿರೋದು ನೋಡೋಕೆ.’