ನಾರು

ದೋಣಿಯಿಂದ ಇಳಿದವನು ಕೇಳಿದನಂತೆ: ಏನಿದು?
ಅವನು ಕೇಳಿದ್ದು ಊರಿನ ಹೆಸರು.
ಮೊಣಕಾಲುದ್ದ ಕೆಸರಲ್ಲಿ ಬಿದಿರು ಕಡಿಯುತ್ತಿದ್ದವರಿಗೆ
ಊರೆಲ್ಲಿತ್ತು?
ಕೈಯಲ್ಲಿದ್ದುದನ್ನೇ ಎತ್ತಿ ತೋರಿಸಿದರು:
ಬಂಜುಲೋ.
ನಾರು, ಸ್ವಾಮಿ. ಹಗ್ಗ ಹೊಸೆಯುವ ನಾರು.
ಅವನು ಬರೆದುಕೊಂಡ.

ಹೀಗೆ, ಅಂತಾಳೆ ನನ್ನಜ್ಜಿ ನ್ಯೀಮಸಾತಾ,
ಒಂದು ತಪ್ಪು ಉತ್ತರದ ಮೇಲೆ ಕೂತಿದೆ ನಮ್ಮ ರಾಜಧಾನಿ.
ಸ್ವಲ್ಪ ಹೊತ್ತು ಬಿಟ್ಟು ನಗುತ್ತಾಳೆ. ಹಲ್ಲಿಲ್ಲ.
ಉತ್ತರ ಸರಿಯಾಗೇ ಇತ್ತು ಕಣೋ,
ಅವರು ಮಾಡುತ್ತಿದ್ದುದನ್ನೇ ಹೇಳಿದ್ದರು.

ನಾನು ಬಾರಾದಿಂದ ಬರುವ ಫೆರ್ರಿಗೆ ಹಗ್ಗ ಹಿಡಿಯುವವ.
ಎಸೆಯುತ್ತಾರೆ, ಹಿಡಿಯುತ್ತೇನೆ,
ಕಬ್ಬಿಣದ ಗೂಟಕ್ಕೆ ಎರಡು ಸುತ್ತು, ಒಂದು ಎದುರುಸುತ್ತು.
ಈಗಿನದು ಹಸಿರು ನೈಲಾನು. ಚೀನಾದ್ದು.
ನಾರುವುದಿಲ್ಲ.
ಅಜ್ಜಿಯ ಅಪ್ಪ ಹೊಸೆದದ್ದು ನಾರುತ್ತಿತ್ತಂತೆ,
ಮೂರು ವಾರ ಉಪ್ಪುನೀರಲ್ಲಿ ಕೊಳೆಹಾಕಿದ ನಾರು
ನಾರದೆ ಇನ್ನೇನು ಮಾಡೀತು?
ಮದುವೆಗೆ ಹೋದರೂ ಜನ
ಅವನಿಂದ ಒಂದು ಚಾಪೆ ದೂರ.

ವರ್ಷಕ್ಕೆ ನೂರಮೂರು ಕಬ್ಬಿಣದ ಸರಳು,
ಕೊಂಬೋದ ದೊರೆಗೆ ದ್ವೀಪದ ಬಾಡಿಗೆ.
ಆರು ಫಿರಂಗಿ ತಂದು ನದಿಯ ಬಾಯಿಗೆ ಗುರಿಯಿಟ್ಟರು.
ಗುಲಾಮರ ಹಡಗು ತಡೆಯಲು, ಅಂದರು.
ತಡೆದರು. ಇದನ್ನೂ ಹೇಳಬೇಕು.
ಅದಕ್ಕೂ ಮೊದಲು ಆ ಹಡಗುಗಳು ಯಾರವಾಗಿದ್ದವು
ಎಂದು ಕೇಳಿದರೆ ಅಜ್ಜಿ
ಕೋಲಾ ಬೀಜ ತುರಿಯುತ್ತಾ ಕೂರುತ್ತಾಳೆ,
ತುರಿಮಣೆಯ ಸದ್ದೇ ಉತ್ತರ.

ಊರಿಗೆ ಬಂತು ಲಂಡನ್ನಿನ ಮಂತ್ರಿಯೊಬ್ಬನ ಹೆಸರು:
ಬ್ಯಾಥರ್ಸ್ಟ್.
ಅವನು ಈ ಕೆಸರು ತುಳಿದವನಲ್ಲ.
ಎಲ್ಲೋ ಗೆದ್ದ ಯುದ್ಧದ ಸೇನಾಪತಿಗಳು
ನಮ್ಮ ಬೀದಿಗಳಲ್ಲಿ ಸಾಲಾಗಿ ನಿಂತರು.
ನಮ್ಮವರು ಆ ಹೆಸರುಗಳನ್ನು ಬಾಯಲ್ಲಿ ನೆನೆಹಾಕಿ
ಜಜ್ಜಿ, ಸಿಗಿದು, ತಮಗೆ ಬೇಕಾದಂತೆ ಹೊಸೆದುಕೊಂಡರು.

ಸೈನಿಕರ ಕೇರಿ, ಪೋರ್ಚುಗೀಸರ ಕೇರಿ, ಜೋಲಫರ ಕೇರಿ;
ಫ್ರೀಟೌನಿನಿಂದ ಬಂದ ಆಕು ಜನರ ಸುಣ್ಣ ಬಳಿದ ತಟ್ಟಿಗೋಡೆ,
ಕಿಟಕಿಯಲ್ಲಿ ಹೊಲಿಗೆಯಂತ್ರ, ಭಾನುವಾರದ ಟೋಪಿ.
ನಮ್ಮದು ಹಾಫ್ ಡೈ,
ಎಂದರೆ ಅರ್ಧ ಸತ್ತ ಕೇರಿ.
ಕಾಲರಾ ಬಂದ ವರ್ಷ ಯಾರೋ ಎಣಿಸಿದ್ದರಂತೆ.
ಉಳಿದ ಅರ್ಧದ ಹೆಸರನ್ನೇ ಇಡಬಹುದಿತ್ತಲ್ಲ
ಎಂದಿದ್ದೆ ಚಿಕ್ಕವನಿದ್ದಾಗ.
ಉಳಿದವರಿಗೆ ಪುರುಸೊತ್ತೆಲ್ಲಿತ್ತು, ಅಂದಳು,
ಹೆಣ ಹೊರುತ್ತಿದ್ದರು.

ಕಡಲೆಕಾಯಿ ಮೂಟೆಗಳು ಮಾಳಿಗೆ ಎತ್ತರ ಬೆಳೆದವು,
ಹಡಗು ಹತ್ತಿದವು.
ನೆಲಕ್ಕೆ ಬಿದ್ದದ್ದನ್ನು ಆಯ್ದ ಹುಡುಗಿಯರಲ್ಲಿ ಅಜ್ಜಿ ಒಬ್ಬಳು.
ಕಾವಲುಗಾರನ ಬೆತ್ತದ ಗುರುತು ಮೊಣಕೈಯಲ್ಲಿದೆ,
ಅದನ್ನು ಆಗಾಗ ಸವರುತ್ತಾಳೆ, ಬಳೆಯ ಹಾಗೆ.

ಹೆಸರು ಮರಳಿದ್ದು ಎಪ್ಪತ್ತಮೂರರಲ್ಲಿ.
ಸರಕಾರಿ ಗೋದಾಮಿನ ಫಲಕ ಬದಲಿಸಲು
ಬಣ್ಣದ ಮೋದು ಏಣಿ ಹತ್ತಿದ.
ಇಂಗ್ಲಿಷಿನಲ್ಲಿ ಎರಡೂ ಹೆಸರಿನ ಮೊದಲೆರಡು ಅಕ್ಷರ ಒಂದೇ!
ಅವನ್ನು ಹಾಗೇ ಬಿಟ್ಟು ಮಿಕ್ಕದ್ದನ್ನಷ್ಟೇ ಕೆರೆದ.
ಉಳಿದ ಬಣ್ಣದಲ್ಲಿ
ತನ್ನ ಮನೆಯ ಬಾಗಿಲು ಮುಗಿಸಿದ.
ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ
ಅಜ್ಜಿ ಆ ಬಾಗಿಲು ನೆನೆಯುತ್ತಾಳೆ.

ಹೂವಿನ ಜೊತೆ ನಾರೂ ಸ್ವರ್ಗ ಸೇರುತ್ತದಂತೆ.
ಇಲ್ಲಿ ಹೂವೆಲ್ಲ ಸೆರೆಕುಂಡಾಕ್ಕೆ ಹೋಯಿತು:
ಅಂಗಡಿ, ಮದುವೆ, ಎರಡಂತಸ್ತಿನ ಮನೆ, ನನ್ನ ಅಣ್ಣ.
ಸಂಜೆ ನಾಲ್ಕಕ್ಕೆ ಕಚೇರಿಗಳ ಜನ ವ್ಯಾನು ಹತ್ತಿದರೆ
ರಾಜಧಾನಿಯಲ್ಲಿ ಮಿಕ್ಕುವುದು
ಮೇಕೆ, ಮುದುಕರು, ನಾವು.
ದ್ವೀಪ ವರ್ಷಕ್ಕಿಷ್ಟು ತಗ್ಗುತ್ತಿದೆ ಎಂದು
ಅಳೆದವರು ಹೇಳಿ ಹೋದರು.
ಕೋಲು ನಮ್ಮ ಅಂಗಳದಲ್ಲೇ ಇದೆ,
ಈಗ ಅದಕ್ಕೆ ಮೇಕೆ ಕಟ್ಟುತ್ತೇವೆ.

ನಿನ್ನೆ ಹುಣ್ಣಿಮೆಯ ಉಬ್ಬರ.
ಚರಂಡಿ ಹಿಂದಕ್ಕೆ ಹರಿದು ಹೊಸಿಲು ದಾಟಿತು.
ಒಲೆಯನ್ನು ಮಂಚದ ಮೇಲಿಟ್ಟೆ,
ಅಜ್ಜಿಯನ್ನು ಒಲೆಯ ಪಕ್ಕದಲ್ಲಿ ಕೂರಿಸಿದೆ.
ಕೊಳೆತ ಉಪ್ಪುನೀರು, ಕತ್ತಲು.
ಅವಳು ಮೂಗರಳಿಸಿದಳು ಒಮ್ಮೆ, ಇನ್ನೊಮ್ಮೆ,
ಸೆರಗು ಸರಿಮಾಡಿಕೊಂಡು
ಪಕ್ಕದಲ್ಲಿ ಜಾಗ ಬಿಟ್ಟಳು:

ಸರಿದು ಕೂರು.
ಅಪ್ಪ ಬಂದ.